ಎದುರು ಕುರ್ಚಿ

ರೈಲ್ವೆ ಮೈದಾನದ ಕಟ್ಟೆ, ಹುಬ್ಬಳ್ಳಿ
ಫೆಬ್ರುವರಿ 30, 2187

ಚಹಾದಂಗಡಿಯ ಮುಂದೆ ನಿಂತು, ದೇಶದ ಫುಟ್‌ಬಾಲ್ ತಂಡಕ್ಕೆ ಮುಂದಿನ ಕೋಚ್ ಯಾರಾಗಬೇಕೆಂದು ಜಗಳವಾಡುತ್ತಿರುವ ನನ್ನ ಹಿರಿಯರಿಗೆ ನೀಲವ್ವ ಹೆಬಸೂರಳ ನಮಸ್ಕಾರಗಳು.

ತಾರೀಖು ನೋಡಿ ಕಾಗದವನ್ನು ಕೆಳಗಿಡಬೇಡಿ. ನಿಮ್ಮ ಫೆಬ್ರುವರಿಯಲ್ಲಿ ಮೂವತ್ತನೆಯ ದಿನ ಇರಲಿಲ್ಲವೆಂದು ನನಗೂ ಗೊತ್ತು. ತಿಂಗಳುಗಳನ್ನೆಲ್ಲ ಒಂದೇ ಅಳತೆಗೆ ತಂದು ಈಗ ಎಂಬತ್ತು ವರ್ಷವಾಯಿತು. ಮಿಕ್ಕ ಐದು ದಿನಗಳನ್ನು ವರ್ಷದ ಕೊನೆಗೆ ರಜೆಯೆಂದು ಕೂಡಿಸಿದ್ದಾರೆ. ಆ ಐದು ದಿನವೂ ನಾವು ಕೋಚ್ ಬಗ್ಗೆಯೇ ಮಾತಾಡುತ್ತೇವೆ. ನನ್ನ ಇನ್ನೂ ಕೆಲವು ಮಾತುಗಳು ನಿಮ್ಮ ಕಿವಿಗೆ ಒಗ್ಗಲಿಕ್ಕಿಲ್ಲ, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಈ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಕಟ್ಟೆಯ ಕೆಲಸದಿಂದ ಬಿಡುಗಡೆಯಾದವರು ಹಿಂದಿನ ಕಾಲದವರಿಗೆ ಒಂದು ಓಲೆ ಬರೆದು, ಕಟ್ಟೆಯ ಬುಡದಲ್ಲಿರುವ ಕಬ್ಬಿಣದ ಪೆಟ್ಟಿಗೆಗೆ ಹಾಕಬೇಕೆಂಬುದು ಇಲ್ಲಿಯ ರೂಢಿ. ಅದು ನಿಮ್ಮನ್ನು ಮುಟ್ಟುತ್ತದೆಯೋ ಇಲ್ಲವೋ ಯಾರೂ ಕಂಡವರಿಲ್ಲ. ಆದರೆ ಪೆಟ್ಟಿಗೆ ತುಂಬಿದ್ದನ್ನೂ ಯಾರೂ ಕಂಡಿಲ್ಲ, ಆದ್ದರಿಂದ ಎಲ್ಲಿಗೋ ಹೋಗುತ್ತಿರಬೇಕು.

ನನಗೀಗ ಅರವತ್ತೊಂಬತ್ತು. ಬಹಳ ದಣಿದಿದ್ದೇನೆ. ಕಾಲು ಗಟ್ಟಿಯಿವೆ, ಕಣ್ಣು ಚೆನ್ನಾಗಿವೆ, ದಣಿದಿರುವುದು ನಾಲಿಗೆ. ಅದು ಹೇಗೆಂದು ತಿಳಿಯಬೇಕಾದರೆ ಕಟ್ಟೆಯೆಂದರೆ ಏನೆಂದು ಹೇಳಬೇಕು. ನಿಮ್ಮ ಕಾಲದಲ್ಲಿ ಕೋಚನ್ನು ಯಾರೋ ಎಲ್ಲೋ ಕೂತು ಆರಿಸುತ್ತಿದ್ದರಂತೆ, ನೀವು ಬೈಯುವುದಷ್ಟೇ ಮಾಡುತ್ತಿದ್ದಿರಂತೆ. ಬೈಗುಳ ಕೇಳಿ ಕೇಳಿ ಸಾಕಾಗಿ ಆ ದೊಡ್ಡವರು ಒಂದು ದಿನ ಕೈ ಎತ್ತಿಬಿಟ್ಟರು, ಅಷ್ಟು ತಿಳಿದವರು ನೀವೇ ಆರಿಸಿಕೊಳ್ಳಿರೆಂದರು. ಅಂದಿನಿಂದ ದೇಶದಲ್ಲಿ ಅರವತ್ತು ಮಾತುಕಟ್ಟೆಗಳು ಹುಟ್ಟಿಕೊಂಡವು. ಕೋಚನ್ನು ಆರಿಸುವುದು ಕಟ್ಟೆ, ಇಳಿಸುವುದೂ ಕಟ್ಟೆ. ನಮ್ಮದು ರೈಲ್ವೆ ಮೈದಾನದ ಪಕ್ಕದ ಬೇವಿನ ಮರಗಳ ಕೆಳಗಿದೆ. ಬಿಸಿಲು ತಡೆಯಲಾಗದೆ ಆಟವನ್ನೆಲ್ಲ ಈಗ ಬೆಳಗಿನ ಐದಕ್ಕೇ ಶುರು ಮಾಡುತ್ತಾರೆ; ಎಂಟಕ್ಕೆ ಬೀದಿಯ ಮೇಲೆ ತಂಪುಹಂದರ ಎಳೆಯುತ್ತಾರೆ, ಅಂದರೆ ಬಿಸಿಲನ್ನು ಕುಡಿದು ತಣ್ಣನೆಯ ಗಾಳಿ ಬಿಡುವ ಬಟ್ಟೆ. ಅದರ ಕೆಳಗೆ ಮಂಡಕ್ಕಿಯ ಗಿರ್ಮಿಟ್ಟು, ಮಿರ್ಚಿ, ಚಹಾ ಮತ್ತು ವಾದ. ಗಿರ್ಮಿಟ್ಟಿನ ರುಚಿ ಮಾತ್ರ ನಿಮ್ಮ ಕಾಲದ್ದೇ ಎಂದು ಮಾಡುವವರು ಆಣೆ ಮಾಡುತ್ತಾರೆ. ನಮ್ಮ ತಂಡ ಒಂದೇ ಒಂದು ಸಲ ವಿಶ್ವಕಪ್ಪಿಗೆ ಹೋಗಿ, ಮೂರೂ ಆಟ ಸೋತು ಬಂತು. ಆ ಮೂರು ಸೋಲುಗಳ ಮೇಲೆ ಈ ಕಟ್ಟೆ ನಲವತ್ತು ವರ್ಷ ಮಾತಾಡಿದೆ.

ಕಟ್ಟೆ ಕಟ್ಟಿದವರಿಗೆ ಒಂದು ಒಳ್ಳೆಯ ಯೋಚನೆ ಇತ್ತು. ಕೋಚನ್ನು ಇಳಿಸಿರೆಂದು ಕೂಗಿದವರು, ಅವನು ಹೊರಡುವ ದಿನ ಅವನ ಎದುರು ಕುರ್ಚಿಯಲ್ಲಿ ಕೂತು, ಬೆನ್ನ ಹಿಂದೆ ಆಡಿದ ಮಾತನ್ನೇ ಮುಖ ನೋಡಿ ಹೇಳಬೇಕು. ಹೀಗೆ ಮಾಡಿದರೆ ಜನರ ನಾಲಿಗೆ ಮೆತ್ತಗಾಗುತ್ತದೆ ಎಂದುಕೊಂಡಿದ್ದರು ಪಾಪ. ಮೊದಲನೆಯ ಕೋಚ್ ಇಳಿದಾಗ ಅದು ಹಾಗೇ ನಡೆಯಿತೆಂದು ಹೇಳುತ್ತಾರೆ. ಅರ್ಧ ಜನ ಎದುರು ಕೂತು ಅತ್ತುಬಿಟ್ಟರಂತೆ. ಎರಡನೆಯವರ ಹೊತ್ತಿಗೆ ಜನ ಜಾಣರಾದರು. ಎಲ್ಲರ ಪರವಾಗಿ ಒಬ್ಬರು ಕೂತರೆ ಸಾಲದೇ ಎಂದು ಯಾರೋ ಕೇಳಿದರು, ಸಾಕೆಂದು ಎಲ್ಲರೂ ಒಪ್ಪಿದರು. ಹಾಗೆ ಪ್ರತಿ ಕಟ್ಟೆಗೂ ಒಬ್ಬರು ಕುರ್ಚಿಯವರು ಬಂದರು. ಇಪ್ಪತ್ತೆರಡು ವರ್ಷ ಈ ಕಟ್ಟೆಯ ಕುರ್ಚಿಯವಳು ನಾನು. ಮೂರು ವರ್ಷ ಉಳಿದ ಕೋಚನ್ನು ನಾವು ದೀರ್ಘಾಯುಷಿ ಎನ್ನುತ್ತೇವೆ. ನೀವೇ ಲೆಕ್ಕ ಹಾಕಿ, ಒಂಬತ್ತು ಜನರ ಎದುರು ಕೂತಿದ್ದೇನೆ.

ನನಗೆ ಈ ಕೆಲಸ ಚೆನ್ನಾಗಿ ಬರುತ್ತಿತ್ತು, ಸುಳ್ಳೇಕೆ ಹೇಳಲಿ. ಕಟ್ಟೆಯ ಅರವತ್ತಮೂರು ಜನರ ಬೈಗುಳವನ್ನು ಸೋಸಿ, ಮೂರು ವಾಕ್ಯ ಮಾಡಿ, ದನಿ ಏರಿಸದೆ ಹೇಳುತ್ತಿದ್ದೆ. ಕೇಳಿದವರು ತಲೆದೂಗುತ್ತಿದ್ದರು. ಒಳಗೊಳಗೆ ನನಗೂ ಹೆಮ್ಮೆಯಿತ್ತು. ಒಂಬತ್ತನೆಯವರು ಪಾಂಡುರಂಗ ಚೌಗುಲೆ, ಬೆಳಗಾವಿಯವರು. ಇಳಿಸಿದ ಕಟ್ಟೆಗಳಿಗೆಲ್ಲ ರೈಲಿನಲ್ಲಿ ಹೋಗಿ ಹೋಗಿ ಬಳಲಿದ್ದರು. ನಮ್ಮದು ಮೂವತ್ತೊಂದನೆಯ ಕಟ್ಟೆಯೋ ಏನೋ. ನಾನು ಮೂರು ವಾಕ್ಯ ಹೇಳಿದೆ. ಕೊನೆಯ ಆಟದಲ್ಲಿ ಇಡೀ ತಂಡವನ್ನು ಹಿಂದಕ್ಕೆ ಕರೆದುಕೊಂಡು ನೀವೇ ಸೋಲಿಸಿದಿರಿ ಎಂಬುದು ಮೂರನೆಯದು. ಅವರು ಸಿಟ್ಟಾಗಲಿಲ್ಲ. ಕೈಯಲ್ಲಿದ್ದ ಚಹಾ ಕೆಳಗಿಟ್ಟು ಇಷ್ಟು ಕೇಳಿದರು: "ಅಕ್ಕಾರ, ಆ ಆಟ ನೀವು ನೋಡಿದ್ರೇನ್ರೀ?" ನಾನು ನೋಡಿರಲಿಲ್ಲ. ಆಟ ನಡೆಯುವಾಗಲೇ ಕಟ್ಟೆಯಲ್ಲಿ ವಾದ ಕಾವೇರುವುದು, ಆಗ ಮಾತುಗಳನ್ನು ಆರಿಸಿಕೊಳ್ಳುವುದೇ ನನ್ನ ಕೆಲಸ. ಯೋಚಿಸಿ ನೋಡಿದರೆ ಹದಿನಾಲ್ಕು ವರ್ಷದಿಂದ ಒಂದು ಆಟವನ್ನೂ ಪೂರ್ತಿ ನೋಡಿರಲಿಲ್ಲ. ನಮ್ಮ ಕಟ್ಟೆಯನ್ನು ಕಟ್ಟಿರುವುದೂ ಹಾಗೆಯೇ. ಒಬ್ಬರ ಮುಖ ಒಬ್ಬರಿಗೆ ಕಾಣಲೆಂದು ಎಲ್ಲರೂ ಮೈದಾನಕ್ಕೆ ಬೆನ್ನು ಹಾಕಿ ಕೂರುತ್ತೇವೆ. ಚೌಗುಲೆಯವರು ಚಹಾ ಮುಗಿಸಿ, ಎಲ್ಲರಿಗೂ ಕೈಮುಗಿದು, ಹನ್ನೊಂದರ ಗಾಡಿಗೆ ಹೊರಟುಹೋದರು.

ಇದಾದ ಎರಡು ತಿಂಗಳಿಗೆ ಹತ್ತನೆಯ ಕೋಚ್ ಯಾರೆಂಬ ವಾದ ಶುರುವಾಯಿತು. ನಲವತ್ತು ದಿನ ವಾದ ನಡೆಸಬೇಕೆಂದು ಕಟ್ಟಳೆ. ಒಬ್ಬರು ಹೊರದೇಶದವರೇ ಬೇಕೆಂದರು, ಒಬ್ಬರು ನಮ್ಮವರೇ ಆಗಲಿ ಎಂದರು. ಇದು ನಿಮ್ಮ ಕಾಲದಲ್ಲೂ ಇತ್ತೆಂದು ಕೇಳಿದ್ದೇನೆ. ನೂರೈವತ್ತು ವರ್ಷದಲ್ಲಿ ಈ ವಾದ ಒಂದು ಗೇಣೂ ಮುಂದೆ ಹೋಗಿಲ್ಲವೆಂದು ತಿಳಿಸಲು ವಿಷಾದವಾಗುತ್ತದೆ. ಇಪ್ಪತ್ತನೆಯ ದಿನಕ್ಕೆ ಕೊಲ್ಲಾಪುರದ ಕಟ್ಟೆಯಿಂದ ಒಂದು ಹೆಸರು ಬಂತು, ಸುಗಲಾ ಹೆಬಸೂರ. ಮೂವತ್ತನೆಯ ದಿನಕ್ಕೆ ಮೂವತ್ನಾಲ್ಕು ಕಟ್ಟೆಗಳು ಅದೇ ಹೆಸರು ಹಿಡಿದವು. ಸುಗಲಾ ನನ್ನ ಮಗಳು. ಹನ್ನೊಂದು ವರ್ಷ ದೇಶದ ಗೋಲ್ ಕಾಯ್ದವಳು, ಆಮೇಲೆ ಇಲ್ಲಿಯದೇ ತಂಡವನ್ನು ಕೈಗೆ ತೆಗೆದುಕೊಂಡು ನಾಲ್ಕು ವರ್ಷ ಸೋಲದೆ ಆಡಿಸಿದವಳು. ಮನೆಯ ಗೋಡೆಯ ತುಂಬ ಬಾಣ, ಗೆರೆ, ವೃತ್ತ ಬರೆದಿಟ್ಟಿದ್ದಾಳೆ; ಆ ಕೆಲಸಕ್ಕಾಗಿ ಅವಳು ಎಷ್ಟು ಆಸೆಪಟ್ಟಿದ್ದಳೆಂದು ಆ ಗೋಡೆ ನೋಡಿದವರಿಗೆ ಗೊತ್ತಾಗುತ್ತದೆ. ಇನ್ನು ಬೇಕಾಗಿದ್ದದ್ದು ತವರುಕಟ್ಟೆಯ ಒಪ್ಪಿಗೆ. ಹುಟ್ಟಿದ ಊರಿನ ಕಟ್ಟೆ ಕೈ ಎತ್ತದಿದ್ದರೆ ಹೆಸರು ಬಿದ್ದುಹೋಗುತ್ತದೆ. ನಮ್ಮ ಕಟ್ಟೆಯೋ ಸಂತೋಷದಲ್ಲಿ ಹುಚ್ಚೆದ್ದಿತ್ತು. ಹಿರಿಯರಾದ ಮೌಲಾಸಾಬ್ ನದಾಫರು ನನ್ನ ಕೈ ಹಿಡಿದು, "ನೀಲಕ್ಕಾ, ನಮ್ಮ ಸುಗಲಾ ನಮ್ಮ ಹುಡಿಗಿ, ಆಕಿನ್ನ ನಾವು ಬಿಟ್ಟುಕೊಡ್ತೀವೇನು?" ಎಂದರು. ಇದೇ ನದಾಫರು ಇದೇ ಮಾತನ್ನು ಚೌಗುಲೆಯವರ ವಿಷಯದಲ್ಲೂ ಹೇಳಿದ್ದರು.

ನನಗೆ ಊಟ ಸೇರದಾಯಿತು. ಕಣ್ಣು ಮುಚ್ಚಿದರೆ ಎದುರು ಕುರ್ಚಿ, ಆಚೆ ಸುಗಲಾ, ಕೈಯಲ್ಲಿ ತಣ್ಣಗಾದ ಚಹಾ. ನಾನು ಕೂರದಿದ್ದರೆ ಇನ್ನೊಬ್ಬರು ಕೂರುತ್ತಾರೆ, ಅವರೂ ನನ್ನಿಂದಲೇ ಕಲಿತ ಮೂರು ವಾಕ್ಯ ಹೇಳುತ್ತಾರೆ. ಕೈ ಎತ್ತುವ ದಿನ ಎದ್ದು ನಿಂತೆ. ನಾನು ಕುರ್ಚಿ ಬಿಡುತ್ತಿದ್ದೇನೆ, ನನ್ನ ಜಾಗಕ್ಕೆ ಯಾರನ್ನೂ ಇಡಬಾರದು ಎಂದೆ. ಸುಗಲಾಳನ್ನು ಆರಿಸುವುದಾದರೆ ಆರಿಸಿ; ಅವಳನ್ನು ಇಳಿಸುವ ದಿನ ಮಾತ್ರ ಅರವತ್ತಮೂರು ಜನವೂ ಒಬ್ಬೊಬ್ಬರಾಗಿ ಅವಳ ಎದುರು ಕೂತು, ನಿಮ್ಮ ನಿಮ್ಮ ಮಾತನ್ನು ನೀವೇ ಹೇಳಬೇಕು, ಹಾಗೆಂದು ಈಗಲೇ ಹೆಬ್ಬೆಟ್ಟು ಒತ್ತಿರಿ; ಕುರ್ಚಿಗಳನ್ನು ಬೇಕಾದರೆ ನಾನೇ ತಂದು ಹಾಕುತ್ತೇನೆ ಎಂದೆ. ಕಟ್ಟೆ ಸುಮ್ಮನಾಯಿತು. ಇಪ್ಪತ್ತೆರಡು ವರ್ಷದಲ್ಲಿ ಅದು ಸುಮ್ಮನಾದದ್ದನ್ನು ನಾನು ನೋಡಿರಲಿಲ್ಲ. ಒಬ್ಬರು ಮಿರ್ಚಿ ಆರಿತೆಂದು ಎದ್ದರು, ಇನ್ನೊಬ್ಬರಿಗೆ ಗಾಡಿಯ ಹೊತ್ತಾಯಿತು. ನದಾಫರು ನೆಲ ನೋಡುತ್ತ, "ನಮ್ಮ ಹುಡಿಗಿ ಮಾರಿ ನೋಡಿ ಹೆಂಗ್ ಅನ್ನೂದು ಯವ್ವಾ, ಬ್ಯಾರೆ ಊರಾವ್ರು ಯಾರರೆ ಆಗ್ಲಿ ಬಿಡು" ಎಂದರು. ಒಂದು ಕೈಯೂ ಮೇಲೇಳಲಿಲ್ಲ. ಸುಗಲಾಳ ಹೆಸರು ಬಿದ್ದುಹೋಯಿತು.

ಮಗಳನ್ನು ಉಳಿಸಿಕೊಂಡೆ ಎಂದುಕೊಂಡು ಮನೆಗೆ ಬಂದೆ. ಅವಳು ಗೋಡೆಯ ಮುಂದೆ ನಿಂತಿದ್ದಳು. ಒದ್ದೆ ಬಟ್ಟೆಯಿಂದ ಬಾಣಗಳನ್ನು ಒಂದೊಂದಾಗಿ ಒರೆಸುತ್ತಿದ್ದಳು. ತಿರುಗಿ ನೋಡದೆಯೇ ಹೇಳಿದಳು: "ಯವ್ವಾ, ನನ್ನ ಇಳಸೂ ದಿನಕ್ಕ ಕುರ್ಚಿ ಎಣಿಸಿ ಬಂದಿ. ನಾ ಗೆಲ್ಲಬಹುದು ಅಂತ ಒಮ್ಮೆರೆ ಅನ್ನಿಸಲಿಲ್ಲೇನು ನಿನಗ?"

ಅನ್ನಿಸಿರಲಿಲ್ಲ. ನಿಮ್ಮ ಮುಂದೆ ಮುಚ್ಚಿಡುವುದಿಲ್ಲ. ಹೆಸರು ಬಂದಂದಿನಿಂದ ಆ ಇಪ್ಪತ್ತು ದಿನಗಳಲ್ಲಿ ಅವಳು ಸೋಲುವುದನ್ನು ನೂರು ಸಲ ನೋಡಿದ್ದೆ, ಗೆಲ್ಲುವುದನ್ನು ಒಂದು ಸಲವೂ ನೋಡಿರಲಿಲ್ಲ. ಹೆತ್ತ ತಾಯಿ ನಾನು. ಅವಳ ಮೊದಲ ಆಟಕ್ಕಿಂತ ಮೊದಲೇ ಕೊನೆಯ ದಿನಕ್ಕೆ ಹೋಗಿ ಕೂತಿದ್ದೆ. ಕಟ್ಟೆ ಅವಳನ್ನು ಇಳಿಸಲು ಎರಡು ವರ್ಷವಾದರೂ ತೆಗೆದುಕೊಳ್ಳುತ್ತಿತ್ತು, ನಾನು ಅವಳು ಏರುವ ಮುಂಚೆಯೇ ಇಳಿಸಿಬಿಟ್ಟೆ. ಹನ್ನೊಂದು ದಿನವಾಯಿತು, ಅವಳು ನನ್ನ ಜೊತೆ ಮಾತಾಡಿಲ್ಲ. ತಾಟು ಇಡುತ್ತಾಳೆ, ಬಡಿಸುತ್ತಾಳೆ, ಎದ್ದುಹೋಗುತ್ತಾಳೆ. ಹತ್ತನೆಯ ಕೋಚಾಗಿ ಯಾರೋ ಬಂದಿದ್ದಾರೆ. ಅವರು ಒಂದು ಆಟವನ್ನೂ ಆಡಿಸಿಲ್ಲ, ಹನ್ನೊಂದನೆಯವರು ಯಾರೆಂದು ಕಟ್ಟೆ ನಿನ್ನೆಯಿಂದ ಮಾತಾಡುತ್ತಿದೆ.

ಹಿರಿಯರೇ, ಬೈಯಬೇಡಿರೆಂದು ನಾನು ಕೇಳುವುದಿಲ್ಲ. ನೀವು ಬೈದೇ ಬೈಯುತ್ತೀರಿ, ನಿಮ್ಮ ರಕ್ತವೇ ಅಲ್ಲವೇ ನನ್ನ ಮೈಯಲ್ಲಿ ಹರಿಯುವುದು. ಒಂದೇ ಕೋರಿಕೆ. ಚಹಾದಂಗಡಿಯ ಮುಂದೆ ಯಾರದಾದರೂ ಹೆಸರು ಬಂದಾಗ, ಇವನನ್ನು ಯಾವಾಗ ಇಳಿಸುವುದೆಂದು ಬಾಯಿ ತೆರೆಯುವ ಮುನ್ನ, ಇವನು ಗೆದ್ದರೆ ಹೇಗಿರುತ್ತದೆಂದು ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತು ಯೋಚಿಸಿ. ನಿಮಗೆ ಅಭ್ಯಾಸವಾದರೆ ಅದು ಇಳಿದು ಇಳಿದು ನನ್ನ ತನಕ ಬಂದೀತು. ಆಗ ಈ ಕಾಗದ ಬರೆಯುವ ಪ್ರಸಂಗವೇ ಬರದಿರಲಿ.

ನಾಲ್ಕೂವರೆಯಾಯಿತು, ಬೇವಿನ ಮರದಲ್ಲಿ ಹಕ್ಕಿಗಳು ಎದ್ದಿವೆ. ಇವತ್ತು ಐದಕ್ಕೆ ಸುಗಲಾ ಕಲಿಸಿದ ಹುಡುಗಿಯರ ಆಟವಿದೆ. ಕಟ್ಟೆಯವರು ಎದುರು ಕುರ್ಚಿಯನ್ನು ನನಗೇ ನೆನಪಿಗೆಂದು ಕೊಟ್ಟಿದ್ದಾರೆ. ಸಾಗವಾನಿಯದು, ಭಾರವಿದೆ, ನಿಂತು ನಿಂತು ಹೊರಬೇಕಾಗುತ್ತದೆ. ಅದನ್ನು ಗೆರೆಯ ಹತ್ತಿರ ಒಯ್ದು ಮಗಳ ಪಕ್ಕದಲ್ಲಿ ಹಾಕಿಕೊಂಡು ಕೂರುತ್ತೇನೆ. ಏಳೆಂದರೆ ಎದ್ದು ಬರುತ್ತೇನೆ. ಏಳೆನ್ನದಿದ್ದರೆ, ತೊಂಬತ್ತು ನಿಮಿಷವೂ ಬಾಯಿ ಬಿಡದೆ ಆಟ ನೋಡುತ್ತೇನೆ.

ಹೋಗಿ ಬರುತ್ತೇನೆ.

ನಿಮ್ಮ ಮರಿಮಗಳ ಮರಿಮಗಳು,
ನೀಲವ್ವ