ಎಡಕ್ಕೆ ನಾಲ್ಕು ಬೆರಳು

ಮಾರ್ಚ್ ೧೪, ಶುಕ್ರವಾರ

ಮಗುವನ್ನು ಎತ್ತಿ ಎತ್ತಿ ಹೆಬ್ಬೆರಳು ನೋವು. ಅದಕ್ಕೇ ಇವತ್ತು, ಹೆಬ್ಬೆರಳಲ್ಲಿ ಗುಂಡಿ ಒತ್ತಿ ಬಾಣ ಬಿಡುವ ಹಳೇ ರಿಲೀಸಿನ ಬದಲು, ಬೆನ್ನು ಬಿಗಿದಾಗ ತಾನೇ ಬಿಟ್ಟುಕೊಳ್ಳುವ ಹೊಸದನ್ನು ಹಿಡಿದೆ. ಆರೂ ಬಾಣ ಗುರಿಯ ಹಳದಿಯಿಂದ ನಾಲ್ಕು ಬೆರಳು ಎಡಕ್ಕೆ! ಭಾನುವಾರ ತಂಡದ ಆಯ್ಕೆ.

"ಹಳೇದೇ ಹಿಡಿಯಮ್ಮಾ, ಎರಡು ದಿನ ಹಲ್ಲು ಕಚ್ಕೊ" ಎಂದರು ಕೋಚ್.

"ನೋವಲ್ಲಿ ಬಾಣ ದಿಕ್ಕಾಪಾಲಾಗುತ್ತೆ ಸಾರ್. ಇಲ್ಲಿ ಆರೂ ಒಂದು ಅಂಗೈಯಲ್ಲಿ ಮುಚ್ಚುತ್ತೆ, ನೋಡಿ. ತಪ್ಪಿರೋದು ನಾನಲ್ಲ, ಬಿಲ್ಲಿನ ಸೈಟು."

ಗುರಿ ನೋಡುವ ಆ ಸೈಟಿನ ತಿರುಪು ತಿರುಗಿಸಿ, ಬಾಣ ಹೋದ ಕಡೆಗೇ, ಎಡಕ್ಕೆ ಸರಿಸಿದೆ. ಮುಂದಿನ ಐದೂ ಹಳದಿಗೇ. "ಹಠಮಾರಿ" ಎಂದು ನಕ್ಕರು.

ಆರನೆಯದು ಹೊರಗೆ ಬಿದ್ದದ್ದು, ಮೈದಾನದ ಅಂಚಿನಲ್ಲಿ ಅತ್ತೆಯ ತೋಳಲ್ಲಿ ಮಗು ಅತ್ತದ್ದಕ್ಕೆ. ಭಾನುವಾರ ಇಬ್ಬರೂ ಮನೆಯಲ್ಲೇ. ಅತ್ತರೂ ಕೇಳಿಸದು. ಕೇಳಿಸದಿದ್ದರೆ ಇನ್ನೂ ಕಷ್ಟವೋ ಏನೋ. ಇರಲಿ, ಹೊಸದರಲ್ಲೇ ಹೊಡೆಯುತ್ತೇನೆ. ಅದೊಂದು ಮಾತ್ರ ಖಚಿತ.