ಸೇರದೆ ಹೋದವರ ಚೀಟಿ

ಜೂನ್ ೧೧, ಮಂಗಳವಾರ
ಕಾಲೇಜಿನ ಪ್ರಚಾರ ವಿಭಾಗ, ಊಟದ ಬಿಡುವು

ಪ್ರೀತಿಯ ಅಮ್ಮನಿಗೆ, ನಿನ್ನ ಪಟಾಕಿಯ ನಮಸ್ಕಾರ.

ಇಷ್ಟು ಹತ್ತಿರ ಇದ್ದುಕೊಂಡು ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಅಂತ ನಗಬೇಡ. ಫೋನಿನಲ್ಲಿ ಹೇಳಲು ಹೋದರೆ ನೀನು ಊಟ ಆಯಿತಾ, ಕೆಮ್ಮು ಕಡಿಮೆ ಆಯಿತಾ ಅಂತ ಮಾತು ಮರೆಸುತ್ತೀಯ. ಅಕ್ಕ ಸಂಜೆ ನಿನ್ನಲ್ಲಿಗೆ ಬರುತ್ತಾಳಂತೆ, ಅವಳ ಕೈಯಲ್ಲೇ ಕಳಿಸುತ್ತೇನೆ. ದಾರಿಯಲ್ಲಿ ಒಡೆದು ಓದದಿರಲಿ ಅಂತ ಎರಡು ಸಲ ಗೋಂದು ಹಚ್ಚುತ್ತೇನೆ.

ನಾಲ್ಕು ದಿನದಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ನಮ್ಮ ಸಮುದಾಯ ಕಾಲೇಜು ಯಾರಿಗಾಗಿ, ಯಾತಕ್ಕಾಗಿ ಇದೆ ಅಂತ ಬಸ್ ನಿಲ್ದಾಣದ ಫಲಕಗಳಿಗೆ ನಾಲ್ಕು ಸಾಲು ಬರೆದುಕೊಡಬೇಕು. ಪ್ರಿನ್ಸಿಪಾಲರು ಗಂಟೆಗೊಮ್ಮೆ ಇಣುಕಿ ಆಯಿತಾ ಅನ್ನುತ್ತಾರೆ. ಬರೆಯುತ್ತೇನೆ, ಹರಿಯುತ್ತೇನೆ, ಕಿಟಕಿಯವರೆಗೆ ಹೋಗಿ ಬರುತ್ತೇನೆ. ನಿಮ್ಮ ಕುರ್ಚಿಯಲ್ಲಿ ಇರುವೆ ಇದೆಯಾ ಅಂತ ಎದುರು ಮೇಜಿನ ಗುಮಾಸ್ತರು ಕೇಳಿದರು. ಇರುವೆ ಅಲ್ಲ, ನೀನು ಅಂತ ಅವರಿಗೆ ಹೇಗೆ ಹೇಳಲಿ?

ನಮ್ಮಲ್ಲೊಂದು ಪದ್ಧತಿ ಇದೆ. ವಿಚಾರಿಸಲು ಬಂದು ಸೇರದೆ ಹೋಗುವವರಿಗೆ ಬಾಗಿಲ ಬಳಿ ಒಂದು ಚೀಟಿ ಕೊಡುತ್ತಾರೆ. ಯಾಕೆ ಸೇರಲಿಲ್ಲ ಅಂತ ಬರೆದು ಡಬ್ಬಕ್ಕೆ ಹಾಕಬೇಕು. ಅವನ್ನೆಲ್ಲ ಓದುವವಳು ನಾನು. ಕಳೆದ ಶುಕ್ರವಾರದ ಒಂದು ಚೀಟಿಯಲ್ಲಿ ಹೆಸರಿನ ಜಾಗದಲ್ಲಿ ಟೈಲರ್ ಅಂತಷ್ಟೇ ಇತ್ತು. ವಯಸ್ಸು ಐವತ್ತಮೂರು, ಅದರ ಕೆಳಗೆ ಎರಡು ಗೆರೆ. ಅಳತೆ ಪುಸ್ತಕದಲ್ಲಿ ತೋಳಿಗೂ ಸೊಂಟಕ್ಕೂ ಹಾಗೆ ಎರಡೆರಡು ಗೆರೆ ಎಳೆಯುವವಳು ಈ ಭೂಮಿಯ ಮೇಲೆ ನೀನೊಬ್ಬಳೇ. ಬೇಕಾದ ತರಗತಿ, ಸಂಜೆಯ ಹತ್ತನೇ ಕ್ಲಾಸು. ಸೇರದ ಕಾರಣ: ಕರಪತ್ರ ಮೂರು ಸಲ ಓದಿದೆ, ಕರೆಯುತ್ತಿರುವುದು ನನ್ನಂಥವರನ್ನಲ್ಲ ಅನ್ನಿಸಿತು.

ಆ ಕರಪತ್ರ ಬರೆದವಳು ನಾನೇ. ಜೀವನಪರ್ಯಂತ ಕಲಿಕೆಯ ಸಮಗ್ರ ಅವಕಾಶಗಳ ಮೂಲಕ ಸಮುದಾಯದ ಸಬಲೀಕರಣ. ನಿನಗೆ ಫೋನಿನಲ್ಲಿ ಓದಿ ಹೇಳಿ ಬೀಗಿದ್ದೆ, ನೆನಪಿದೆಯಾ? ದೊಡ್ಡವರ ಮಾತಿನ ಹಾಗಿದೆ ಮಗಳೇ ಅಂದಿದ್ದೆ ನೀನು. ಅದನ್ನು ಹೊಗಳಿಕೆ ಅಂದುಕೊಂಡ ದಡ್ಡಿ ನಾನು. ಊರಿಗೆಲ್ಲ ಬನ್ನಿ ಬನ್ನಿ ಅನ್ನುವವಳು ಹೆತ್ತವಳಿಗೇ ಕಬ್ಬಿಣದ ಕಡಲೆ ಬಡಿಸಿದ್ದೇನೆ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಳ್ಳಲ್ಲ.

ನಿನ್ನ ಮೇಲೂ ಸಿಟ್ಟಿದೆ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಡಿಸಿ ನಿನ್ನನ್ನು ಹೊಲಿಗೆ ಮಷೀನಿನ ಮುಂದೆ ಕೂರಿಸಿದ್ದು ಗೊತ್ತು. ಮತ್ತೆ ಓದುವ ಆಸೆ ಇದೆ ಅಂತ ನನ್ನ ಹತ್ತಿರ ಒಂದು ಮಾತು ಹೇಳಬಾರದಿತ್ತಾ? ನೀನು ಬಂದ ಹೊತ್ತಿಗೆ ನಾನು ಪ್ರೆಸ್ಸಿಗೆ ಹೋಗಿದ್ದೆ. ಇದ್ದಿದ್ದರೆ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತಿದ್ದೆ.

ಇವತ್ತು ಬೆಳಿಗ್ಗೆ ಫಲಕಕ್ಕೆ ಹೀಗೆ ಬರೆದೆ: ಹತ್ತನೇ ಕ್ಲಾಸು ಮುಗಿಸಲು ಆಗಲಿಲ್ಲವೇ? ಸಂಜೆ ಆರಕ್ಕೆ ಬನ್ನಿ. ಐವತ್ತು ದಾಟಿದ್ದರೂ ಬನ್ನಿ, ಕೆಲಸದ ಬಟ್ಟೆಯಲ್ಲೇ ಬನ್ನಿ. ಬಾಗಿಲಿಂದ ಬಲಕ್ಕೆ ಎರಡನೇ ಕೋಣೆ. ಪ್ರಿನ್ಸಿಪಾಲರು ಕನ್ನಡಕ ಹಣೆಗೇರಿಸಿ, ಇದು ಕಾಲೇಜಿನ ಧ್ಯೇಯವೋ, ಅಂಗಡಿಗೆ ದಾರಿ ತೋರಿಸುವ ಬೋರ್ಡೋ ಅಂದರು. ನಿನ್ನ ಚೀಟಿ ಅವರ ಕೈಗಿಟ್ಟೆ. ಯಾರದು ಅಂದರು. ಯಾರೋ ಟೈಲರ್ ಅಂದೆ. ಪೂರ್ತಿ ಓದಿ, ನನ್ನ ಮುಖವನ್ನೊಮ್ಮೆ ನೋಡಿ, ಫಲಕದ ಸಾಲುಗಳ ಕೆಳಗೆ ಸಹಿ ಹಾಕಿದರು.

ಹೆಸರು ಬರೆಸಲು ಈ ಶುಕ್ರವಾರವೇ ಕೊನೆಯ ದಿನ. ಈ ಸಲ ತಪ್ಪಿದರೆ ನೀನು ಮತ್ತೆ ಈ ಮೆಟ್ಟಿಲು ಹತ್ತುವವಳಲ್ಲ, ನಿನ್ನ ಹಟ ನನಗೆ ಗೊತ್ತಿಲ್ಲವೇ. ಅರ್ಜಿ ತೆಗೆದಿಟ್ಟಿದ್ದೇನೆ. ಬಾ ಅಮ್ಮ.

ನಿನ್ನ ಮಗಳು,
ಪಟಾಕಿ

ತಾ.ಕ.: ಲಕೋಟೆಗೆ ಹಾಕಿ ಮತ್ತೆ ಹೊರಗೆ ತೆಗೆದೆ. ಮೇಲೊಂದು ಸುಳ್ಳಿದೆ. ಆ ದಿನ ನಾನು ಪ್ರೆಸ್ಸಿಗೆ ಹೋಗಿರಲಿಲ್ಲ. ಬೇರೆ ಕಾಲೇಜಿನ ಅತಿಥಿಗಳ ಜೊತೆ ಮೆಟ್ಟಿಲಿಳಿಯುತ್ತಿದ್ದೆ. ನೀನು ಅಳತೆ ಟೇಪನ್ನು ಕೊರಳಲ್ಲೇ ಮರೆತು ಬಂದು ಬಾಗಿಲಲ್ಲಿ ನಿಂತಿದ್ದೆ. ನನಗೆ ನಾಚಿಕೆಯಾಯಿತು, ಕಂಬದ ಮರೆಗೆ ಸರಿದೆ. ನೀನು ಹೋದ ಮೇಲೆ ಡಬ್ಬ ತೆರೆದು ನಿನ್ನ ಚೀಟಿ ಹುಡುಕಿದೆ. ಅದರ ಕೊನೆಯ ಸಾಲನ್ನೂ ಮೇಲೆ ಬಚ್ಚಿಟ್ಟಿದ್ದೆ: ಇಲ್ಲಿ ನನ್ನ ಮಗಳು ದೊಡ್ಡ ಕೆಲಸದಲ್ಲಿದ್ದಾಳೆ, ನನ್ನಿಂದ ಅವಳಿಗೆ ಮುಜುಗರ ಆಗಬಾರದು. ಅದರ ಕೆಳಗೂ ಎರಡು ಗೆರೆ.

ಈಗಷ್ಟೇ ಪ್ರಿನ್ಸಿಪಾಲರ ಹತ್ತಿರ ಹೋಗಿ, ಆ ಟೈಲರ್ ನಮ್ಮಮ್ಮ ಅಂತ ಹೇಳಿ ಬಂದೆ. ಗೊತ್ತಿತ್ತಮ್ಮ, ನೀನಾಗಿ ಹೇಳಲಿ ಅಂತ ಕಾಯುತ್ತಿದ್ದೆ ಅಂದರು. ಶುಕ್ರವಾರ ಆರಕ್ಕೆ ಬಾಗಿಲಲ್ಲೇ ನಿಂತಿರುತ್ತೇನೆ. ಟೇಪು ತೆಗೆದಿಟ್ಟು ಬರಬೇಡ.