ಮೂರನೇ ಮಹಡಿಯಿಂದ ಇಳಿದ ರವಿಕೆ

ಅತ್ತಿಗೆಯವರಿಗೆ ಶಿವಮೊಗ್ಗದಿಂದ ಮೈದುನನ ದೀರ್ಘದಂಡ ನಮಸ್ಕಾರ.

ನಮ್ಮ ಟೈಲರ್ ಉಜ್ಜನಪ್ಪನ ಅಂಗಡಿಸಾಲು ನೆಲಸಮವಾಗಿ, ಅಲ್ಲೀಗ ಗಾಜಿನ ಕಾಂಪ್ಲೆಕ್ಸ್ ಎದ್ದಿದೆ. ನಿಮ್ಮ ಮಗಳು ಭೂಮಿಕಾಳ ಮದುವೆಗೆಂದು ನಿಮ್ಮ ಧಾರೆ ಸೀರೆ ಕತ್ತರಿಸಿ ಹೋದ ವರ್ಷ ಹೊಲಿಯಲು ಕೊಟ್ಟ ರವಿಕೆಯೂ ಜೆಸಿಬಿ ಬಾಯಿಗೆ ಬಿತ್ತೆಂದೇ ತಿಳಿದೆ. ಅಷ್ಟರಲ್ಲಿ ಮೂರನೇ ಮಹಡಿಯಿಂದ ಉಜ್ಜನಪ್ಪನ ಅಶರೀರವಾಣಿ: "ವಸಂತಮ್ಮನೋರ ಮೈದುನ ಅಲ್ವೇನ್ರೀ? ಅಲ್ಲೇ ನಿಂತ್ಕಳಿ ಮಾರಾಯ್ರೆ, ಲಿಫ್ಟಿಗೆ ಹೆದ್ರಿ ಯಾವ ಗಿರಾಕೀನೂ ಹತ್ತಲ್ಲ!"

ಹಗ್ಗದಲ್ಲಿ ಬುಟ್ಟಿ ಇಳಿಯಿತು. ಒಳಗೆ ರವಿಕೆ ಕ್ಷೇಮ. ಹೋದ ಜೀವ ಬಂತು.

ಹೊಸ ಬಟ್ಟೆಗೆ ಅಳತೆಯನ್ನೂ ಬೀದಿಯಿಂದಲೇ ಕೂಗಬೇಕು. ಅಂಗಿ ಹೊಲಿಯಲು ಅಣ್ಣನ ಹೊಟ್ಟೆಯ ಸುತ್ತಳತೆ ಕೇಳಿದ. ಮನೆತನದ ಮಾನಕ್ಕಾಗಿ ಎರಡಿಂಚು ಕಡಿಮೆ ಕೂಗಿದ್ದೇನೆ.

ಮೇಲೆ ನೋಡಿ ಕತ್ತು ಉಳುಕಿದೆ, ಮತ್ತೆಲ್ಲ ಆರೋಗ್ಯ. ಇಲ್ಲೇ ಆಲ್ಕೊಳದ ನನ್ನ ಮಗಳ ಮನೆಯಿಂದ ಭಾನುವಾರ ಭದ್ರಾವತಿಗೆ ನಿಮ್ಮಲ್ಲಿಗೆ ಬರುತ್ತೇನೆ. ಮದುವೆ ಮುಗಿಯುವವರೆಗೆ ಅಣ್ಣನಿಗೆ ರಾತ್ರಿ ಒಂದೇ ಮುದ್ದೆ ಹಾಕಿ.

ಅವಸರದಲ್ಲಿ,
ವಿಜಯಕುಮಾರ